ದಿಷೋನ್ ಏನು ತಿನ್ನುತ್ತದೆ

ನಮ್ಮ ಊರಿನಲ್ಲಿ ಪಾರಿವಾಳಗಳಿಲ್ಲ. ಸುತ್ತಲಿನ ಹೊಲಗಳ ಮೇಲೆ ಗುಂಪಾಗಿ ಹಾರುತ್ತ ಬರುವ ಅವು ಊರಗಡಿಯ ಕಲ್ಲಿನ ತನಕ ಬಂದು, ಚೀಲ ಮರೆತು ಸಂತೆಗೆ ಹೊರಟವರ ಹಾಗೆ ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತವೆ. ಪಾರಿವಾಳದ ಪದವನ್ನು ಇಟ್ಟುಕೊಂಡಿದ್ದ ಮನೆಯನ್ನು ನಮ್ಮ ಅಜ್ಜಿಯ ಕಾಲದ ಕಾಲರಾ ಮೂರೇ ದಿನದಲ್ಲಿ ಗುಡಿಸಿ ಹಾಕಿತು. ಪದದ ಅರ್ಥವನ್ನು ಇನ್ನೊಬ್ಬರ ಕಿವಿಗೆ ದಾಟಿಸುವಷ್ಟು ಪುರಸೊತ್ತು ಆ ಮನೆಯಲ್ಲಿ ಯಾರಿಗೂ ಸಿಗಲಿಲ್ಲ. ಅಂಜೂರವೂ ಹೀಗೆಯೇ ಹೋಯಿತು. ಒಂದು ಜಾತಿಯ ಚೇಳೂ ಹೋಯಿತಂತೆ. ಅದಕ್ಕಾಗಿ ಮಾತ್ರ ಯಾರೂ ಅತ್ತ ನೆನಪಿಲ್ಲ.

ಪದಗಳು ಹೀಬ್ರೂ ಭಾಷೆಯವು. ನಮ್ಮ ಹಿರಿಯರು ಎಲ್ಲಿಂದಲೋ ಒಂದು ದಪ್ಪ ಪುಸ್ತಕವನ್ನು ಹೊತ್ತು ತಂದು ಈ ಕಲ್ಲುಗುಡ್ಡದ ಬುಡದಲ್ಲಿ ಊರು ಕಟ್ಟಿದರು. ಪುಸ್ತಕಕ್ಕೆ ಗೆದ್ದಲು ಹಿಡಿದಾಗ, ಅಕ್ಷರ ಹೋದರೂ ಅರ್ಥ ಉಳಿಯಲಿ ಎಂದು ಮನೆಗೊಂದು ಪದದಂತೆ ಹಂಚಿಕೊಂಡರು. ಬೆಂಕಿಗೊಂದು ಮನೆ, ಎಳ್ಳಿಗೊಂದು ಮನೆ, ಉಪ್ಪಿಗೊಂದು ಮನೆ. ಉಪ್ಪಿನ ಮನೆಯವರು ಒಮ್ಮೆ ಕೆಮ್ಮಿದರೂ ಅರ್ಧ ಊರು ಕಷಾಯ ಹಿಡಿದುಕೊಂಡು ಓಡುತ್ತದೆ. ಆ ಪುಸ್ತಕದಲ್ಲಿ ಮನುಷ್ಯರು ತಿನ್ನಬಹುದಾದ ಪ್ರಾಣಿಗಳ ಪಟ್ಟಿಯೊಂದಿತ್ತಂತೆ. ಆ ಪಟ್ಟಿಯಲ್ಲಿದ್ದ ಒಂದು ಕಾಡುಪ್ರಾಣಿಯ ಹೆಸರು ನಮ್ಮ ಮನೆಯ ಪಾಲಿಗೆ ಬಂತು: ದಿಷೋನ್. ಅದು ಕಾಡುಪ್ರಾಣಿ ಎನ್ನುವುದು ಊರಿಗೆಲ್ಲ ಗೊತ್ತು. ಅದು ಎಂಥ ಪ್ರಾಣಿ ಎನ್ನುವುದು ನಮ್ಮ ಮನೆಯ ಹಿರಿಯರೊಬ್ಬರಿಗೆ ಮಾತ್ರ ಗೊತ್ತು.

ದಿಷೋನ್ ಹಿಂಡು ಗುಡ್ಡದ ಮೇಲಿತ್ತು. ದಿನಾ ಬೆಳಿಗ್ಗೆ ನಮ್ಮ ಓಣಿಯಲ್ಲಿ ಇಳಿದು ಕೆರೆಗೆ ನೀರಿಗೆ ಹೋಗುತ್ತಿತ್ತು. ಬೇರೆ ಮನೆಯ ಪ್ರಾಣಿಯನ್ನು ಕಣ್ಣಿಟ್ಟು ನೋಡುವುದು, ಬೇರೆಯವರ ಸೊಸೆಯ ಬಚ್ಚಲಲ್ಲಿ ಇಣುಕಿದಷ್ಟೇ ಹೇಸಿಗೆ ನಮ್ಮಲ್ಲಿ. ಗೊರಸಿನ ಸಪ್ಪಳ ಕೇಳಿದ ಕೂಡಲೇ ಓಣಿಯ ಕದಗಳೆಲ್ಲ ಮುಚ್ಚುತ್ತಿದ್ದವು. ನಮ್ಮ ಮನೆಯ ಕದವೂ ಮುಚ್ಚುತ್ತಿತ್ತು. ಅಪ್ಪ ಒಬ್ಬನೇ ಹೊರಗೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ನಾನು ನಲವತ್ತೆಂಟು ವರ್ಷ ಆ ಸಪ್ಪಳವನ್ನು ಕೇಳಿದೆ, ಒಂದು ದಿನವೂ ಅವುಗಳ ಬಾಲದ ತುದಿಯನ್ನು ನೋಡಲಿಲ್ಲ.

ಪದವನ್ನು ಕೊಡುವುದಕ್ಕೂ ಒಂದು ಬೆಲೆಯಿದೆ. ಅರ್ಥವನ್ನು ವಾರಸುದಾರರ ಕಿವಿಯಲ್ಲಿ ಒಂದು ಸಲ ಹೇಳಿ ಮುಗಿಸಿದವರು ಆಮೇಲೆ ಸಾಯುವ ತನಕ ಮಾತಾಡುವುದಿಲ್ಲ. ಮಾತಾಡಬಾರದು ಅಂತಲ್ಲ, ಬರುವುದಿಲ್ಲ. ಧ್ವನಿ ಪದದ ಹಿಂದೆಯೇ ಹೊರಟುಬಿಡುತ್ತದೆ. ಅಂಥವರನ್ನು ಊರಿನಲ್ಲಿ ಕೊಟ್ಟವರು ಅನ್ನುತ್ತಾರೆ. ಪ್ರಾರ್ಥನೆಯ ಮನೆ ಮುಂದಿನ ಬೇವಿನ ಕಟ್ಟೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿರುತ್ತಾರೆ. ಗುಟ್ಟಿನ ವ್ಯವಹಾರವಿದ್ದರೆ ಜನ ಬೇಕೆಂದೇ ಅವರನ್ನು ಸಾಕ್ಷಿಗೆ ಕರೆಯುತ್ತಾರೆ. ಕೆಲವರು ಸ್ಲೇಟು ಇಟ್ಟುಕೊಂಡಿದ್ದಾರೆ, ಆದರೆ ಸ್ಲೇಟಿನಲ್ಲಿ ಬೈದರೆ ಬೈದಂತಾಗುವುದಿಲ್ಲ. ಹಾಗಾಗಿ ಎಲ್ಲರೂ ಉಸಿರು ಗಂಟಲಿಗೆ ಬರುವ ತನಕ ಕಾಯುತ್ತಾರೆ. ಕಾಯುವುದರಲ್ಲೇ ಊರು ಅಂಜೂರವನ್ನೂ ಕಳೆದುಕೊಂಡಿತು.

ನಮ್ಮ ಅಪ್ಪ ಹನೋಕಪ್ಪ ಗಾದಿ ಹೊಲಿಯುವವನು. ಬಿಲ್ಲು ಹೆಗಲಿಗೇರಿಸಿ ಮನೆಮನೆಗೆ ಹೋಗಿ ಹಳೆಯ ಗಾದಿಗಳನ್ನು ಬಿಚ್ಚಿ, ಗಂಟು ಬಿದ್ದ ಹತ್ತಿಯನ್ನು ಆ ಬಿಲ್ಲಿನಿಂದ ಹಿಂಜಿ, ಮತ್ತೆ ತುಂಬಿ ಕೊಡುತ್ತಿದ್ದ. ಹತ್ತಿಗಿಂತ ಮಾತನ್ನೇ ಹೆಚ್ಚು ಹಿಂಜುತ್ತಾನೆ ಎಂದು ಜನ ನಗುತ್ತಿದ್ದರು. ಒಂದು ಗಾದಿಗೆ ಅರ್ಧ ದಿನ ಸಾಕು, ಅಪ್ಪ ಎರಡು ದಿನ ಹಚ್ಚುತ್ತಿದ್ದ. ಆದರೂ ಅವನನ್ನೇ ಕರೆಯುತ್ತಿದ್ದರು. ಎಂಬತ್ತು ದಾಟಿದ ಮೇಲೆ ಪಂಚರು, "ಹನೋಕಪ್ಪ, ಇನ್ನಾದ್ರೂ ಮಗಳಿಗೆ ಪದ ಕೊಡು" ಎಂದು ಹೇಳಿ ಹೇಳಿ ಸಾಕಾದರು.

"ಕೊಡ್ತೀನಪ್ಪ, ಓಡಿ ಹೋಗತೈತೇನು?" ಅನ್ನುತ್ತಿದ್ದ ಅಪ್ಪ. "ಈಗ್ಲೇ ಕೊಟ್ಟು ಏನ್ ಮಾಡ್ಲಿ? ಗಾದಿಯೊಳಗಿನ ಹತ್ತಿ ಹಂಗ ಬಾಯಿ ಮುಚ್ಕೊಂಡು ಬಿದ್ದಿರ್ಲೇನು? ನಾ ಸುಮ್ಮನ ಕುಂತ್ರ ಸತ್ತಂಗ. ನಾಳಿ ನೋಡೋಣು."

ಅವ್ವ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ. ಅಪ್ಪ, ನಾನು, ನನ್ನ ತಂಗಿ ತಿರ್ಜಾ. ತಿರ್ಜಾಳಿಗೆ ಏಳನೆಯ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋದವು. ಆಗ ನನಗೆ ಹತ್ತು. ಅವಳು ಹಾಸಿಗೆಯಿಂದ ಎದ್ದ ದಿನ ನನ್ನ ಲಂಗದ ತುದಿ ಹಿಡಿದು, "ಮಿಲ್ಕಕ್ಕಾ, ಏನೇನೈತಿ ಹೇಳ" ಅಂದಳು. ಅಂದಿನಿಂದ ನಾನು ಹೇಳುತ್ತಲೇ ಬಂದೆ. ಆಕಾಶ ಹೇಗಿದೆ, ಎದುರು ಮನೆಯ ಸಿಪ್ಪೋರವ್ವ ಇವತ್ತು ಯಾವ ಸೀರೆ ಉಟ್ಟಿದ್ದಾಳೆ, ಆ ಸೀರೆ ಅವಳ ಮೈಮೇಲೆ ಎಷ್ಟು ಕೆಟ್ಟದಾಗಿ ಕಾಣುತ್ತದೆ, ಪಲ್ಯದ ಬಣ್ಣ ಏನು, ಹೊಸ ಗಾದಿಯ ಬಟ್ಟೆಯ ಹೂವಿಗೆ ಎಷ್ಟು ಎಸಳು. ಅವಳು ಕೇಳಿಸಿಕೊಳ್ಳುತ್ತ ಕೈ ಅಂದಾಜಿನಲ್ಲೇ ಹೊಲಿಗೆ ಹಾಕುತ್ತಿದ್ದಳು. ಅವಳ ಹೊಲಿಗೆ ನನ್ನದಕ್ಕಿಂತ ನೆಟ್ಟಗೆ. ಮೂವತ್ತೆಂಟು ವರ್ಷ ಹೀಗೆ ಹೇಳಿ, ಕಂಡದ್ದನ್ನು ಕಂಡ ಹಾಗೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಊರಿನಲ್ಲಿ ಇಲ್ಲ ಎಂಬ ಸೊಕ್ಕು ನನಗೆ ಬಂದಿತ್ತು.

ಬೇಸಗೆಯ ಒಂದು ಮಧ್ಯಾಹ್ನ ಅಂಗಳದಲ್ಲಿ ಬಿಲ್ಲಿನ ಸಪ್ಪಳ ನಿಂತಿತು. ಹೋಗಿ ನೋಡಿದರೆ ಅಪ್ಪ ಹಿಂಜಿದ ಹತ್ತಿಯ ಮೇಲೆ ಪಕ್ಕಕ್ಕೆ ವಾಲಿದ್ದ. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಬಾಯಿ ಸೊಟ್ಟಗಾಗಿತ್ತು. ಊರನ್ನೆಲ್ಲ ನಗಿಸಿದ ಬಾಯಿಂದ "ಬಾ, ಬಾ" ಎಂಬ ಎರಡು ಅಕ್ಷರ ಬಿಟ್ಟು ಏನೂ ಬರಲಿಲ್ಲ. ಹನ್ನೊಂದು ದಿನ ಬದುಕಿದ್ದ. ದಿನಾ ಎಡಗೈಯಿಂದ ನನ್ನ ಕುತ್ತಿಗೆ ಹಿಡಿದು ಕಿವಿಯನ್ನು ತನ್ನ ಬಾಯಿಗೆ ಎಳೆದುಕೊಳ್ಳುತ್ತಿದ್ದ. ಬಿಸಿ ಉಸಿರು ಬರುತ್ತಿತ್ತು, ಎಂಜಲು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದು ದಿನ ಹತ್ತಿಯ ಉಂಡೆಯೊಂದನ್ನು ಎಳೆದೆಳೆದು ಏನೋ ಆಕಾರ ಮಾಡಿ ನನ್ನ ಮುಂದೆ ಇಟ್ಟ. ಅದು ಕೊಂಬೋ ಕಾಲೋ ನನಗೆ ತಿಳಿಯಲಿಲ್ಲ. "ಕೊಂಬೇನಪ್ಪಾ?" ಅಂದೆ. ಅವನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಮಾತಿನ ಆಸೆಗೆ ಪದ ಕೊಡದೆ ಕುಳಿತವನಿಗೆ ಕೊನೆಗೆ ಮಾತೂ ಇಲ್ಲ, ಪದ ಕೊಟ್ಟ ಸಮಾಧಾನವೂ ಇಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಬಂತು.

ಅಪ್ಪ ಸತ್ತ ಮರುದಿನ ಓಣಿಯಲ್ಲಿ ಗೊರಸಿನ ಸಪ್ಪಳ ಇರಲಿಲ್ಲ. ಅದು ಯಾರಿಗೂ ಹೊಸದಲ್ಲ. ಪದದವರು ಸತ್ತರೆ ಏಳು ದಿನ ಆ ಪದದ ವಸ್ತು ಕಾಣಿಸಿಕೊಳ್ಳುವುದಿಲ್ಲ. ಏಳನೆಯ ದಿನ ವಾರಸುದಾರರು ಪಂಚರ ಮುಂದೆ ಪದ ತಮ್ಮಲ್ಲಿದೆ ಎಂದು ಒಪ್ಪಿಕೊಂಡ ಮೇಲೆ ತಿರುಗಿ ಬರುತ್ತದೆ. ಅರ್ಥವೇನೆಂದು ಪಂಚರು ಕೇಳುವುದಿಲ್ಲ, ಕೇಳುವ ಹಕ್ಕೂ ಅವರಿಗಿಲ್ಲ. ಪದ ಇಲ್ಲ ಎಂದರೆ ಮಾತ್ರ ಒಂದು ಕೆಲಸವಿದೆ: ಪ್ರಾರ್ಥನೆಯ ಮನೆಯ ಗೋಡೆಯಲ್ಲಿ ಬರೆದಿರುವ ಸತ್ತವರ ಹೆಸರುಗಳಲ್ಲಿ ಆ ಹೆಸರಿನ ಮೇಲೆ ಸುಣ್ಣ ಬಳಿಯುತ್ತಾರೆ. ಆಮೇಲೆ ಆ ಹೆಸರು ಬೈಗುಳವಾಗುತ್ತದೆ. ಇವತ್ತಿಗೂ ಸಾಮಾನು ಕಳೆದುಕೊಂಡು ಬಂದ ಮಕ್ಕಳಿಗೆ, "ನೀ ಏನ್ ಪಾರಿವಾಳದ ಮನ್ಯಾಗ ಹುಟ್ಟೀಯೇನು?" ಅನ್ನುತ್ತಾರೆ. ಪದ ಇಲ್ಲ ಎಂದು ನಾನು ಒಪ್ಪಿಕೊಂಡರೆ ನಾಳೆಯಿಂದ ಅದೇ ಜಾಗದಲ್ಲಿ ಹನೋಕಪ್ಪನ ಹೆಸರು ಬರುತ್ತದೆ. ಅವನ ಮಾತಿಗೆ ಹೊಟ್ಟೆ ಹಿಡಿದು ನಕ್ಕವರೇ ಅದನ್ನು ಹೇಳುತ್ತಾರೆ. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ಆರನೆಯ ದಿನ ನಾನು ಒಂದು ದಿಷೋನನ್ನು ಮಾಡಿದೆ. ಹೊಲಿಗೆ ಹಾಕುತ್ತ ಕುಳಿತು, ತಿರ್ಜಾಳಿಗೆ ಹೇಳುವ ಹಾಗೆಯೇ, ಬಾಯಿ ಬಿಡದೆ ನನಗೆ ನಾನೇ ಹೇಳಿಕೊಂಡೆ. ಕರುವಿನಷ್ಟು ಎತ್ತರ. ಮೈ ಸುಟ್ಟ ಬೆಲ್ಲದ ಬಣ್ಣ, ಹೊಟ್ಟೆಯ ಕೆಳಗೆ ಬಿಳಿ. ಕೊಂಬು ಎರಡು, ಹಿಂದಕ್ಕೆ ಬಾಗಿ ಎರಡು ಸುತ್ತು ತಿರುಚಿಕೊಂಡವು. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂಥ ಕಪ್ಪು. ಕಿವಿ ಉದ್ದ, ಒಳಗೆ ಗುಲಾಬಿ. ಗಿಡ್ಡ ಬಾಲ, ತುದಿಯಲ್ಲಿ ಕರಿ ಕೂದಲಿನ ಕುಚ್ಚು. ಗೊರಸು ಸೀಳಿದ್ದು. ಮಾಡಿ ಮುಗಿಸಿದಾಗ ಚೆಂದವಾಗಿದೆ ಅನ್ನಿಸಿತು. ದೇವರು ಕ್ಷಮಿಸಲಿ, ಅಪ್ಪ ಸತ್ತ ಆರನೆಯ ದಿನ ನನಗೆ ಸ್ವಲ್ಪ ಖುಷಿಯೂ ಆಯಿತು.

ಏಳನೆಯ ದಿನ ಪಂಚರ ಹಿರಿಯ ಜಕರ್ಯಪ್ಪ ಎಲ್ಲರ ಮುಂದೆ ಕೇಳಿದ. "ಮಿಲ್ಕವ್ವ, ಪದ ಮನ್ಯಾಗ ಐತೇನು?"

"ಐತಿ" ಅಂದೆ.

ಜಕರ್ಯಪ್ಪ ಉಸಿರು ಬಿಟ್ಟು, "ಹಂಗಾದ್ರ ಮುದುಕ ಕಡೀಗೂ ಬಾಯಿ ಬಿಟ್ಟ ಅನ್ನು. ನಮ್ಮ ಪುಣ್ಯ" ಅಂದ. ಜನ ನಕ್ಕರು. ಅಪ್ಪನ ಹೆಸರು ಗೋಡೆಯಲ್ಲಿ ಉಳಿಯಿತು.

ಮನೆಗೆ ಬರುವಾಗ ತಿರ್ಜಾ ನನ್ನ ತೋಳು ಹಿಡಿದು ನಡೆಯುತ್ತಿದ್ದಳು. "ಅಪ್ಪ ನಿನಗ ಯಾವಾಗ ಹೇಳಿದ?" ಎಂದು ಕೇಳಿದಳು. "ನೀ ಹಿತ್ತಲಕ್ಕ ಹೋಗಿದ್ದಿ ನೋಡು, ಆವಾಗ" ಅಂದೆ. "ಹೌದಾ" ಅಂದಳು. ಅವಳಿಗೆ ನಾನು ಕಣ್ಣಾಗಿ ಬಂದಾಗಿನಿಂದ ಹೇಳಿದ ಮೊದಲ ಸುಳ್ಳು ಅದು.

ಮರುದಿನ ಬೆಳಿಗ್ಗೆ ಸಪ್ಪಳ ಕೇಳಿಸಿತು. ಓಣಿಯ ಕದಗಳು ಪಟಪಟನೆ ಮುಚ್ಚಿದವು. ಇನ್ನು ನೋಡುವ ಹಕ್ಕು ನನ್ನದು. ಅಪ್ಪ ಕೂರುತ್ತಿದ್ದ ಕಟ್ಟೆಗೆ ಹೋಗಿ ಕುಳಿತೆ. ಗುಡ್ಡದ ಕಡೆಯಿಂದ ಇಳಿದು ಬಂತು. ಸುಟ್ಟ ಬೆಲ್ಲದ ಮೈ, ತಿರುಚಿದ ಕೊಂಬು, ಕಾಡಿಗೆಯ ಕಣ್ಣು, ಒಂದು ಕೂದಲೂ ಆಚೀಚೆ ಇಲ್ಲ, ನಾನು ಹೇಳಿಕೊಂಡಂತೆಯೇ ಇತ್ತು. ಅದರ ಹಿಂದೆ ಉಳಿದವು ಬರಲಿ ಎಂದು ಕಾದೆ. ಯಾವುದೂ ಬರಲಿಲ್ಲ.

"ಒಂದ ಐತೆಲ್ಲ?" ಒಳಗಿನಿಂದ ತಿರ್ಜಾ ಕೇಳಿದಳು. "ಹಿಂಡ ಎಲ್ಲಿ?"

ಹಿಂಡು ಎಂದು ನಾನು ಹೇಳಿಕೊಂಡಿರಲಿಲ್ಲ. ಒಂದನ್ನು ಮಾಡಿದ್ದೆ, ಒಂದೇ ಬಂದಿತ್ತು. ಅದು ಕೆರೆಗೂ ಹೋಗಲಿಲ್ಲ. ನಮ್ಮ ಕಟ್ಟೆಯ ಮುಂದೆ ಬಂದು ನಿಂತು ನನ್ನನ್ನೇ ನೋಡಿತು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕೂಗು ಹೇಗಿರುತ್ತದೆ ಎಂದೂ ನಾನು ಹೇಳಿಕೊಂಡಿರಲಿಲ್ಲ. ಅಪ್ಪನ ಬಾಯಿ ಹೀಗೆಯೇ ತೆರೆದುಕೊಳ್ಳುತ್ತಿತ್ತು.

ಮಧ್ಯಾಹ್ನ ನೀರಿಟ್ಟೆ. ಮೂತಿ ತಂದು ನೀರಿಗೆ ತಾಗಿಸಿ, ಮುಂದೇನು ಮಾಡಬೇಕೆಂದು ತಿಳಿಯದೆ ಮತ್ತೆ ನನ್ನ ಮುಖ ನೋಡಿತು. ಜೋಳದ ಸೊಪ್ಪೆ ಇಟ್ಟೆ, ಹತ್ತಿಕಾಳು ಇಟ್ಟೆ, ಬೇವಿನ ಚಿಗುರು, ಉಪ್ಪು, ಕೊನೆಗೆ ಹಾಲು ಅನ್ನವನ್ನೂ ಇಟ್ಟೆ. ಎಲ್ಲವನ್ನೂ ಮೂಸಿತು, ಯಾವುದಕ್ಕೂ ಬಾಯಿ ಹಾಕಲಿಲ್ಲ. ಸಂಜೆಯ ಹೊತ್ತಿಗೆ ನನಗೆ ತಿಳಿಯಿತು. ಮೂವತ್ತೆಂಟು ವರ್ಷ ನಾನು ತಂಗಿಗೆ ಹೇಳಿದ್ದು ಕಣ್ಣಿಗೆ ಕಾಣುವುದನ್ನು ಮಾತ್ರ. ಬಣ್ಣ, ಆಕಾರ, ಅಳತೆ. ಹಸಿವು ಕಾಣುವುದಿಲ್ಲವಲ್ಲ. ದಿಷೋನನ್ನೂ ಹಾಗೆಯೇ ಮಾಡಿದೆ. ಅದು ಏನು ತಿನ್ನುತ್ತದೆ ಎನ್ನುವುದನ್ನು ಹೇಳುವುದನ್ನೇ ಮರೆತಿದ್ದೆ.

ಸೊಪ್ಪೆ ತಿನ್ನುತ್ತದೆ, ಸೊಪ್ಪೆ ತಿನ್ನುತ್ತದೆ ಎಂದು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡೆ. ಏನೂ ಆಗಲಿಲ್ಲ. ಪಂಚರ ಮುಂದೆ ಐತಿ ಅಂದ ಮೇಲೆ ಅರ್ಥ ಗಾರೆಯ ಹಾಗೆ ಗಟ್ಟಿಯಾಗುತ್ತದೆ, ಇಟ್ಟುಕೊಂಡವರೂ ಅದನ್ನು ತಿದ್ದಲಾರರು. ಬಾಯಿಂದ ಇನ್ನೊಂದು ಕಿವಿಗೆ ದಾಟುವಾಗ ಮಾತ್ರ ಅದು ಒಮ್ಮೆ ಮೆತ್ತಗಾಗುತ್ತದೆ. ಹಾಗೆಂದರೆ ನಾನು ಪದವನ್ನು ಕೊಡಬೇಕು. ಕೊಡಲು ಇರುವ ಕಿವಿ ಒಂದೇ, ತಿರ್ಜಾಳದು. ಕೊಟ್ಟ ಮೇಲೆ ನನಗೆ ಮಾತಿಲ್ಲ. ಬರೆದು ತೋರಿಸೋಣವೆಂದರೆ ಊರಿಗೆಲ್ಲ ತೋರಿಸಬಹುದು, ಅವಳಿಗೆ ಮಾತ್ರ ಆಗದು. ಪ್ರಾಣಿಗೆ ಅನ್ನ ಕೊಟ್ಟರೆ ತಂಗಿಯ ಕಣ್ಣನ್ನು ಎರಡನೆಯ ಸಲ ಕಿತ್ತಂತೆ. ಕೊಡದಿದ್ದರೆ ಅದು ನನ್ನ ಬಾಗಿಲಲ್ಲೇ ಸಾಯುತ್ತದೆ, ದಿಷೋನ್ ಎನ್ನುವುದು ಅಲ್ಲಿಗೆ ಮುಗಿಯುತ್ತದೆ.

ನಾಳೆ ನೋಡೋಣ ಅಂದುಕೊಂಡೆ.

ಪ್ರಾಣಿ ಓಣಿಯ ನಡುವೆಯೇ ನಿಂತಿದ್ದರಿಂದ ಜನಕ್ಕೆ ಪೀಕಲಾಟ ಶುರುವಾಯಿತು. ಗಂಡಸರು ತಲೆಯ ಮೇಲೆ ಟವೆಲು ಇಳಿಬಿಟ್ಟುಕೊಂಡು ಗೋಡೆ ಸವರುತ್ತ ನಡೆದರು. ಹೆಂಗಸರು ಮುಖಕ್ಕೆ ಮೊರ ಅಡ್ಡ ಹಿಡಿದು ಹೋದರು. ಇಬ್ಬರು ಡಿಕ್ಕಿ ಹೊಡೆದು ಕೊಡ ಒಡೆದುಕೊಂಡರು. ಸಿಪ್ಪೋರವ್ವ ಹಿಂದುಮುಂದಾಗಿ ನಡೆಯುತ್ತ ನಮ್ಮ ಕಟ್ಟೆಯ ತನಕ ಬಂದು, ನನಗೆ ಬೆನ್ನು ಕೊಟ್ಟೇ ಜಗಳ ತೆಗೆದಳು.

"ಏನವ್ವ ಮಿಲ್ಕಾ, ನಿಮ್ಮ ಪ್ರಾಣಿಗೇನು ಹೋಗಾಕ ಜಾಗ ಇಲ್ಲೇನು? ನಾಕ್ ದಿನ ಆತು, ನಾ ಬಾಗಿಲಾ ತೆರದಿಲ್ಲ. ಹಪ್ಪಳ ಒಣಗಿಸೋದು ಹೆಂಗ? ನಿಮ್ಮಪ್ಪ ಇದ್ದಾಗ ಹಿಂಗಿರ್ಲಿಲ್ಲ."

"ಅಪ್ಪ ಹೋಗ್ಯಾನಂತ ಸೂತಕ ಮಾಡಾಕತ್ತೈತಿ, ಅತ್ತಿ. ನಾಕ್ ದಿನ ತಡಿ" ಅಂದೆ.

ಅವಳು ಮೆತ್ತಗಾದಳು. "ಅಯ್ಯ, ಮೂಕಪ್ರಾಣಿಗೂ ಗೊತ್ತಾಗತೈತಲ್ಲವ್ವ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದ ಹಾಗೆಯೇ ಹಿಂದುಮುಂದಾಗಿ ಹೋದಳು. ಜಕರ್ಯಪ್ಪನೂ ಬಂದ. ಗೋಡೆಗೆ ಮುಖ ಮಾಡಿ ನಿಂತು, "ಎಲ್ಲಾ ಸರಿ ಐತಿಲ್ಲವ್ವ?" ಎಂದು ಕೇಳಿದ. ಸರಿ ಇದೆ ಅಂದೆ. ಪಕ್ಕೆಲುಬು ಒಂದೊಂದಾಗಿ ಎಣಿಸುವಂತಾಗಿದ್ದ ಪ್ರಾಣಿ ಅವನ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ನಿಂತಿತ್ತು. ಮರ್ಯಾದಸ್ಥ, ತಿರುಗಿ ನೋಡಲಿಲ್ಲ.

ಐದು, ಆರು, ಏಳು ದಿನ ಆಯಿತು. ನಾನು ದಿನಕ್ಕೊಂದು ನೆಪ ಹುಡುಕಿದೆ. ಮದುವೆ ಮನೆಯ ಗಾದಿಗಳು ಬಾಕಿ ಇವೆ, ಮುಗಿಯಲಿ. ತಿರ್ಜಾಳಿಗೆ ನೆಗಡಿ, ಇಳಿಯಲಿ. ಕೊಡುವ ಮೊದಲು ಅವಳಿಗೆ ಹೇಳಬೇಕಾದ್ದನ್ನೆಲ್ಲ ಹೇಳಿಬಿಡೋಣ ಎಂಬುದೂ ಒಂದು ನೆಪವೇ. ಹೇಳಲು ಶುರು ಮಾಡಿದೆ. ಅಡುಗೆಮನೆಯ ಗೋಡೆಯ ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ದಾರದುಂಡೆ ಯಾವ ಬಣ್ಣ, ಅವಳ ತಲೆಯಲ್ಲಿ ಬಿಳಿ ಕೂದಲು ಎಡಗಡೆ ಹೆಚ್ಚು, ನಕ್ಕಾಗ ಅವಳ ಕೆನ್ನೆ ಅವ್ವನ ಕೆನ್ನೆಯಂತೆ ಆಗುತ್ತದೆ. ಮುಂಜಾನೆಯಿಂದ ಸಂಜೆಯ ತನಕ ಹೇಳಿದೆ. ಗಂಟಲು ಒಣಗಿದರೆ ನೀರು ಕುಡಿದು ಹೇಳಿದೆ. ಹೇಳಿದಷ್ಟೂ ಇನ್ನೂ ಉಳಿದಿದೆ ಅನ್ನಿಸುತ್ತಿತ್ತು. ಹೊರಗೆ ಅದು ಕಾಲು ಮಡಿಚಿ ಮಲಗಿಬಿಟ್ಟಿತ್ತು. ಅದರ ಕಣ್ಣು ಮಾತ್ರ ನಮ್ಮ ಬಾಗಿಲ ಕಡೆಗೇ ಇತ್ತು. ನಾನು ಆ ಕಡೆಗಿನ ಕಿಟಕಿಯನ್ನು ಹಾಕಿಕೊಂಡೆ. ಅಪ್ಪನ ಮೇಲೆ ಬಂದಿದ್ದ ಸಿಟ್ಟು ಆಗ ಎಲ್ಲಿ ಹೋಯಿತೋ. ಮಾತಿನ ಆಸೆ ಎಂಥದ್ದು ಎಂದು ಆ ದಿನಗಳಲ್ಲಿ ನನಗೆ ಗೊತ್ತಾಯಿತು.

ಒಂಬತ್ತನೆಯ ದಿನ ಮಧ್ಯಾಹ್ನ, ನಾನು ಹೊಸ ಗಾದಿಯ ಬಟ್ಟೆಯ ಹೂವುಗಳನ್ನು ವರ್ಣಿಸುತ್ತಿದ್ದಾಗ, ತಿರ್ಜಾ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಸಾಕು ಬಿಡು ಹೂವಿಂದು. ಅದು ಸಾಯಾಕತ್ತೈತಿ, ಹೌದಿಲ್ಲೋ?"

"ಯಾವುದು?"

"ನನ್ನ ಮುಂದ ನಾಟಕ ಮಾಡಬ್ಯಾಡ. ಉಸಿರು ಕೇಳಸ್ತೈತಿ ನನಗ. ಮೊದಲ ದಿನ ದೊಡ್ಡದಿತ್ತು, ಈಗ ಎಳೀ ಕೂಸಿನ ಉಸಿರಿನಷ್ಟು ಆಗೈತಿ." ಆಮೇಲೆ ಅಂದಳು, "ಅಪ್ಪ ನಿನಗ ಏನೂ ಹೇಳಿಲ್ಲ ಅಕ್ಕಾ. ಹನ್ನೊಂದು ದಿನಾನೂ ನಾ ಅವನ ಕಾಲ ಹತ್ರನ ಕುಂತಿದ್ದೆ. ಹಿತ್ತಲಕ್ಕ ಹೋದಾಗೂ ಕಿವಿ ಇಲ್ಲೇ ಬಿಟ್ಟು ಹೋಗಿದ್ದೆ. ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ."

ಎಲ್ಲವನ್ನೂ ಹೇಳಿದೆ. ಅಪ್ಪನ ಹೆಸರು, ಸುಣ್ಣ, ಆರನೆಯ ದಿನದ ಹೊಲಿಗೆ, ಮರೆತ ಹಸಿವು. ಅವಳು ಬೈಯಲಿಲ್ಲ. 

"ಹಂಗಾದ್ರ ನನಗ ಕೊಡು" ಅಂದಳು. "ಈ ಸಲ ಎಲ್ಲಾ ಸೇರಿಸಿ ಹೇಳು."

"ಕೊಟ್ಟ ಮ್ಯಾಲೆ ನಿನಗ ಯಾರು ಹೇಳ್ತಾರ, ತಿರ್ಜಾ? ಆಕಾಶ ಹೆಂಗೈತಿ ಅಂತ ಯಾರನ್ನ ಕೇಳ್ತಿ?"

"ಕೇಳೂದಿಲ್ಲ ಬಿಡು" ಅಂದಳು. "ಆಕಾಶ ಎಷ್ಟ್ ಬ್ಯಾರೆ ಆದೀತು? ಮೂವತ್ತೆಂಟ್ ವರ್ಷದ್ದು ಕೇಳಿಟ್ಕೊಂಡೀನಿ. ನಿನ್ನ ಹೊಟ್ಯಾಗಿಂದ ಬಂದದ್ದು ಅದು, ಹಸದು ಬಾಗಲಾಗ ಬಿದ್ದೈತಿ. ಹೇಳು."

ಬಾಗಿಲು ಹಾಕಿ, ಅವಳ ತಲೆಯನ್ನು ನನ್ನ ತೋಳಿಗೆ ಒರಗಿಸಿಕೊಂಡು, ಕಿವಿಗೆ ಬಾಯಿ ಹಚ್ಚಿದೆ. ಅರ್ಥ ಹೇಳಲು ಶುರು ಮಾಡಿದ ಮೇಲೆ ನಡುವೆ ಬೇರೆ ಮಾತು ಸೇರಿಸುವಂತಿಲ್ಲ. ಜೋಪಾನವಾಗಿರು ಅನ್ನುವಂತಿಲ್ಲ, ನಿನ್ನನ್ನು ಬಿಟ್ಟು ನನಗೆ ಯಾರಿದ್ದಾರೆ ಅನ್ನುವಂತಿಲ್ಲ. ಬಣ್ಣ, ಕೊಂಬು, ಕಿವಿ ಮೊದಲಿನಂತೆಯೇ ಹೇಳಿದೆ. ಆಮೇಲೆ ಹೇಳಿದೆ: ಅವು ಹುಲ್ಲು ತಿನ್ನುತ್ತವೆ, ಸೊಪ್ಪೆ ತಿನ್ನುತ್ತವೆ, ಬೇಸಗೆಯಲ್ಲಿ ಹುಲ್ಲು ಒಣಗಿದರೆ ಜಾಲಿಯ ಕಾಯಿ ತಿನ್ನುತ್ತವೆ. ಬಾಯಾರುತ್ತದೆ, ದಿನಕ್ಕೊಮ್ಮೆ ಕೆರೆಗೆ ಬರುತ್ತವೆ. ಹಿಂಡಾಗಿ ಇರುತ್ತವೆ, ಇಪ್ಪತ್ತು, ಮೂವತ್ತು. ಹೆಣ್ಣು ಇದೆ, ಗಂಡು ಇದೆ. ಮರಿ ಹಾಕುತ್ತವೆ, ಮರಿ ಹಾಲು ಕುಡಿಯುತ್ತದೆ. ನಿದ್ದೆ ಬರುತ್ತದೆ. ಹೆದರಿಕೆ ಆಗುತ್ತದೆ, ಹೆದರಿದಾಗ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಮಳೆಯಲ್ಲಿ ಬಂಡೆಯ ಮರೆಗೆ ಹೋಗುತ್ತವೆ. ಕಿವಿ ತುರಿಸಿದರೆ ಹಿಂಗಾಲಿನಿಂದ ಕೆರೆದುಕೊಳ್ಳುತ್ತವೆ. ನಿಲ್ಲಿಸಿದರೆ ಮುಗಿಯಿತಲ್ಲ ಎಂದು ಚಿಕ್ಕಚಿಕ್ಕದನ್ನೂ ಹುಡುಕಿ ಹುಡುಕಿ ಹೇಳಿದೆ. ಕೊನೆಗೆ ಹೇಳಲು ಒಂದೇ ಉಳಿಯಿತು. ಅವುಗಳ ಕೂಗು ಹೇಗಿರುತ್ತದೆಂದು ಹೇಳಿ, "ಒಂದು ಕೂಗಿದ್ರ ಇನ್ನೊಂದು ಓಗೊಡತೈತಿ" ಅಂದೆ.

ಅಷ್ಟೇ. ಗಂಟಲಿನಲ್ಲಿ ಏನೋ ಸಡಿಲವಾಗಿ ಬಿಟ್ಟಿತು, ನೋವೇನೂ ಆಗಲಿಲ್ಲ. ತಿರ್ಜಾ, "ಅಕ್ಕಾ" ಎಂದು ಕರೆದಳು. ಇನ್ನೊಮ್ಮೆ, "ಅಕ್ಕಾ" ಅಂದಳು. ನಾನು ಅವಳ ತಲೆ ಸವರಿದೆ.

ಇನ್ನು ನೋಡುವ ಹಕ್ಕು ಅವಳದು, ನನ್ನದಲ್ಲ. ನಾನು ಕಣ್ಣು ಮುಚ್ಚಿಕೊಂಡು ಅವಳನ್ನು ಕಟ್ಟೆಯ ತನಕ ಕರೆದುಕೊಂಡು ಹೋದೆ. ಅವಳು ನೀರಿನ ಬೋಗುಣಿಯನ್ನು ಮುಂದಕ್ಕೆ ತಳ್ಳಿದಳು. ನಾಲಿಗೆ ನೀರಿಗೆ ತಾಗಿದ ಸದ್ದು ಕೇಳಿಸಿತು. "ಕುಡಿಯಾಕತ್ತೈತಿ! ಅಕ್ಕಾ, ಕುಡಿಯಾಕತ್ತೈತಿ!" ಎಂದು ಅವಳು ಕೂಗಿದಳು. ಸೊಪ್ಪೆ ಅಗಿದ ಸದ್ದು ಬಂತು, ಎರಡು ಸಲ, ಮೂರು ಸಲ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟಿತು. ಇನ್ನಷ್ಟು ತಿನ್ನಲಿ ಎಂದು ತಿರ್ಜಾ ಸೊಪ್ಪೆಯ ಸಿವುಡನ್ನು ಅದರ ಮೂತಿಯ ಹತ್ತಿರ ಇಟ್ಟು ಬಂದಳು.

ಮರುದಿನ ಬೆಳಿಗ್ಗೆ ಓಣಿ ಗೊರಸಿನಿಂದ ತುಂಬಿಹೋಯಿತು. ಮೂವತ್ತಕ್ಕೆ ಕಡಿಮೆ ಇರಲಿಲ್ಲ. ಕದಗಳ ಹಿಂದೆ ಜನ ಚಪ್ಪಾಳೆ ತಟ್ಟಿದರು, ಸಿಪ್ಪೋರವ್ವ ಜೋರಾಗಿ ಪ್ರಾರ್ಥನೆ ಹೇಳಿದಳು. ಹಿಂಡು ನಮ್ಮ ಕಟ್ಟೆಯ ಮುಂದೆ ಬಂದು ನಿಂತಿತು. ಅವುಗಳಲ್ಲಿ ಒಂದು ಕೂಗಿತು, ನಾನು ಹೇಳಿದ ಕೂಗೇ. ಓಗೊಡುವ ಕೂಗಿಗೆ ಕಾದಂತೆ ತಡೆದು, ಮತ್ತೆ ಕೂಗಿತು. ಹಾಗೆ ನಾಲ್ಕೈದು ಸಲ ಕೂಗಿ, ಕೊನೆಗೆ ಹಿಂಡು ಕೆರೆಯ ಕಡೆಗೆ ಇಳಿದುಹೋಯಿತು.

ತಿರ್ಜಾ ನನ್ನ ಕೈ ಹಿಡಿದು ಹೊರಗೆ ಎಳೆದಳು. ತಡೆಯಲಾರದೆ ನಾನು ಕಣ್ಣು ತೆರೆದೆ. ಸೊಪ್ಪೆಯ ಸಿವುಡು ಇಟ್ಟ ಹಾಗೆಯೇ ಇತ್ತು, ನಮ್ಮ ಪ್ರಾಣಿ ಅದರ ಪಕ್ಕದಲ್ಲಿ ನಿನ್ನೆ ಮಲಗಿದ ಹಾಗೆಯೇ ಬಿದ್ದಿತ್ತು. ಅವಳು ಮೊಣಕಾಲೂರಿ ಕುಳಿತು ಪ್ರಾಣಿಯ ಕೊಂಬಿನ ಸುತ್ತುಗಳನ್ನು ಬೆರಳಿನಿಂದ ತಡವಿ ನೋಡಿದಳು, ಉದ್ದ ಕಿವಿಯನ್ನು ಸವರಿದಳು, ಕುತ್ತಿಗೆಯ ಮೇಲೆ ಅಂಗೈ ಇಟ್ಟಳು. ಬಿಸಿಲು ಬಿದ್ದು ಅಲ್ಲಿ ಬೆಚ್ಚಗಿತ್ತು.

"ಹೊಟ್ಟಿ ತುಂಬಿ ನಿದ್ದಿ ಹತ್ತೈತಿ ಇದಕ್ಕ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೈಯನ್ನು ನನ್ನ ಕೈಯೊಳಗೆ ಇಟ್ಟಳು. "ಮಲಗೈತಲ್ಲ, ಅಕ್ಕಾ? ಹೌದಾದ್ರ ಕೈ ಒತ್ತು."

ನಾನು ಒತ್ತಲಿಲ್ಲ. ಅವಳು ಬಹಳ ಹೊತ್ತು ಕಾದಳು. ಆಮೇಲೆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಸೆರಗನ್ನು ಎಳೆದು ಅದರ ಮುಖಕ್ಕೆ ಹೊದಿಸಿದಳು.